ಬಿಸಿನೀರಿಗೆ ಹೆದರುವ ಮುಖ್ಯಸೇವಿಕೆ

ಹೊಸದಾಗಿ ನೇಮಕಗೊಂಡು ಹಳ್ಳಿಗಳಿಗೆ ಹೊರಟಿರುವ ತಂಗಿಯರಿಗೆ ಇಲಾಖೆ ಕರ್ತವ್ಯಗಳ ಪಟ್ಟಿಯೊಂದನ್ನು ಕೊಟ್ಟಿರುತ್ತದೆ. ನನಗೂ ಕೊಟ್ಟಿತ್ತು. ಮಹಿಳಾ ಮಂಡಲ, ಶಿಶುವಿಹಾರ, ಹೊಲಿಗೆ ತರಗತಿ, ಕೈತೋಟ, ಹೊಗೆಯಿಲ್ಲದ ಒಲೆ, ಅಡಿಗೆಯ ಪ್ರಾತ್ಯಕ್ಷಿಕೆ, ಎಲ್ಲವೂ ಅದರಲ್ಲಿದ್ದವು. ಇಲ್ಲದಿದ್ದದ್ದು ಒಂದೇ: ಹೋದ ಮನೆಯಲ್ಲೆಲ್ಲ ಸ್ನಾನ ಮಾಡುವುದು. ಅರವತ್ತರ ದಶಕದಲ್ಲಿ ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯಲ್ಲಿ ಬ್ಲಾಕ್ ಕಚೇರಿಯ ಮುಖ್ಯಸೇವಿಕೆಯಾಗಿ ತಿರುಗಿದವಳಿಗೆ ಅದೇ ಮೊದಲ ಕರ್ತವ್ಯ. ದಣಿದು ಬಂದ ಹೆಣ್ಣುಮಗಳಿಗೆ ಇಲ್ಲಿಯ ಗೃಹಿಣಿ ಕುಡಿಯಲು ಬೆಲ್ಲ ನೀರು ಕೊಡುತ್ತಾಳೆ. ಆ ಬೆಲ್ಲ ಬಾಯಲ್ಲಿ ಕರಗುವ ಮೊದಲೇ ಬಚ್ಚಲಿಗೆ ಅಟ್ಟುತ್ತಾಳೆ. ಅಲ್ಲಿ ಹಂಡೆಯಲ್ಲಿ ನೀರು ಕುದಿಯುತ್ತಿರುತ್ತದೆ. ಅದನ್ನು ನಿರಾಕರಿಸಿದವರು ಆ ಮನೆಯ ಅನ್ನವನ್ನು ನಿರಾಕರಿಸಿದ ಹಾಗೆ. ನನ್ನ ಸೇವಾವಧಿಯ ಬಹುಪಾಲು ಆ ಹಂಡೆಯಿಂದ ತಪ್ಪಿಸಿಕೊಳ್ಳುವುದರಲ್ಲಿ ಕಳೆಯಿತು. ಅದರ ಕಾರಣವನ್ನೂ, ಒಮ್ಮೆ ಮಾತ್ರ ತಪ್ಪಿಸಿಕೊಳ್ಳದೆ ಒಳಗೆ ನಡೆದದ್ದನ್ನೂ ಇಲ್ಲಿ ಬರೆದಿಡುತ್ತೇನೆ.

ಮೊದಲು ನನ್ನ ದೋಷವನ್ನು ಒಪ್ಪಿಕೊಂಡುಬಿಡುವುದು ಮೇಲು. ಮೈಸೂರಿನ ಕಾಲೇಜಿನಲ್ಲಿ ನಾನು ಚರ್ಚಾಸ್ಪರ್ಧೆಯ ಹುಡುಗಿ. ವಿಷಯದ ಪರವಾಗಿ ಮಾತನಾಡಿ ಒಂದು ಬೆಳ್ಳಿ ಬಟ್ಟಲನ್ನೂ, ಮರುವರ್ಷ ಅದೇ ವಿಷಯದ ವಿರುದ್ಧ ಮಾತನಾಡಿ ಇನ್ನೊಂದು ಬಟ್ಟಲನ್ನೂ ಗೆದ್ದವಳು. ಜಗತ್ತಿನ ಕಷ್ಟಗಳೆಲ್ಲ ಯಾರೂ ಸರಿಯಾಗಿ ವಾದಿಸದೆ ಇದ್ದುದರಿಂದಲೇ ಉಳಿದುಕೊಂಡಿವೆ ಎಂದು ನಾನು ಪ್ರಾಮಾಣಿಕವಾಗಿ ನಂಬಿದ್ದೆ. ಹೀಗೆ ನಂಬಿದವರಿಗೆ ಸರ್ಕಾರ ಕೆಲಸ ಕೊಡಬಾರದು; ಕೊಟ್ಟಿತು.

ಬಂದ ಮೊದಲ ವರ್ಷವೇ ನಾನು ಹೊಗೆಯಿಲ್ಲದ ಒಲೆಯ ಪ್ರಚಾರಕ್ಕೆ ನಿಂತೆ. ಒಲೆಗೆ ಮಣ್ಣಿನ ಕೊಳವೆ ಜೋಡಿಸಿ ಹೊಗೆಯನ್ನು ಮಾಡಿನಾಚೆ ಕಳಿಸುವ ಒಲೆ ಅದು. ಸಾಗರದಿಂದ ವರದಾ ನದಿ ಹುಟ್ಟುವ ತೀರ್ಥಕ್ಷೇತ್ರ ವರದಮೂಲಕ್ಕೆ ಹೋಗುವ ದಾರಿಯಲ್ಲಿ ಪುಟ್ಟಮ್ಮ ಎಂಬವರ ಮನೆಯಿತ್ತು. ಮದುಮಕ್ಕಳ ಹಣೆಗೆ ಕಟ್ಟುವ ಬೆಂಡಿನ ಬಾಸಿಂಗವನ್ನು ಮಾಡುವ ಮನೆತನ. ಗಂಡಸರು ಗಂಧದ ಮರ ಕೆತ್ತಿದರೆ ಹೆಂಗಸರು ಕೆರೆಯಲ್ಲಿ ಬೆಳೆಯುವ ಗಿಡದ ಹಗುರ ಬಿಳಿ ತಿರುಳಾದ ಬೆಂಡನ್ನು ಹಾಳೆಗಿಂತ ತೆಳ್ಳಗೆ ಸೀಳಿ, ಎಸಳು ಮಾಡಿ, ಬಾಸಿಂಗ ಕಟ್ಟುತ್ತಿದ್ದರು. ಪುಟ್ಟಮ್ಮ ವಿಧವೆ, ಮನೆಯ ಯಜಮಾನಿಕೆಯೂ ಬಾಯಿಯೂ ಅವರದೇ. ಅಡಿಗೆಮನೆಯ ಒಲೆಯನ್ನು ಮುಟ್ಟಲು ಅವರು ಬಿಡಲಿಲ್ಲ. ಹೊಗೆಯಿಂದ ಕಣ್ಣು ಕೆಡುವ ವಿಷಯವಾಗಿ ನಾನು ಅರ್ಧ ಗಂಟೆ ವಾದಿಸಿದ ಮೇಲೆ, "ಹೊಗೆ ಹೋದ್ರೆ ಮಾಡಿನ ಹುಲ್ಲಿಗೆ ಹುಳ ಹಿಡಿತದೆ. ನಿಮ್ಮ ಮನಸಿಗೆ ಬೇಜಾರು ಬೇಡ, ಬಚ್ಚಲೊಲೆಗೆ ಎಂತ ಬೇಕಾದ್ರೂ ಮಾಡ್ಕೊಳ್ಳಿ" ಎಂದು ಕರುಣೆ ತೋರಿಸಿದರು. ನಾನು ಬಚ್ಚಲೊಲೆಯನ್ನೇ ಸುಧಾರಿಸಿದೆ. ಉರಿ ನೆಟ್ಟಗೆ ಹಂಡೆಯ ತಳಕ್ಕೆ ತಾಗುವ ಹಾಗಾಯಿತು. ಒಂದು ಹೊರೆ ಸೌದೆಯಲ್ಲಿ ಹದವಾಗುತ್ತಿದ್ದ ನೀರು ಅರ್ಧ ಹೊರೆಯಲ್ಲಿ ಕುದಿಯತೊಡಗಿತು. ಆ ತಿಂಗಳ ವರದಿಯಲ್ಲಿ ಇದನ್ನು ಒಂದಿಡೀ ಪುಟ ಹೊಗಳಿಕೊಂಡೆ. ಆ ಪುಟ ನನ್ನ ವೃತ್ತಿಜೀವನದ ಅತಿದೊಡ್ಡ ತಪ್ಪಿನ ದಾಖಲೆಯಾಗುತ್ತದೆಂದು ಆಗ ತಿಳಿದಿರಲಿಲ್ಲ.

ಮಾರನೆಯ ವರ್ಷ ನನ್ನ ಎಡಗಣ್ಣಿಗೆ ಕೆಂಪು ಬಣ್ಣ ಮಾಸಿ ಕಾಣತೊಡಗಿತು. ಕುಂಕುಮ ಇಟ್ಟಿಗೆಪುಡಿಯಂತಾಯಿತು. ಕೆಲವು ವಾರಗಳಲ್ಲಿ ಅದು ತಾನಾಗಿ ಸರಿಹೋಯಿತು. ಬಳಿಕ ಎಡಗಾಲು ಹೇಳಿದ ಮಾತು ಕೇಳದಾಯಿತು. ಹೊಸನಗರದ ಬಳಿಯ ಒಂದು ಮಹಿಳಾ ಮಂಡಲದಲ್ಲಿ, ಸೊಪ್ಪು ಕಾಳುಗಳ ಚಿತ್ರಪಟ ಹಿಡಿದು, ಇವನ್ನು ತಿಂದವರ ಮೈಯಲ್ಲಿ ಎಂಥ ಬಲ ಬರುತ್ತದೆಂದು ವಿವರಿಸುತ್ತಿರುವಾಗಲೇ ಸಭೆಯ ಮಧ್ಯಕ್ಕೆ ಬಿದ್ದೆ. ಮುಂದಿನ ಸಾಲಿನ ಮುದುಕಿಯೊಬ್ಬಳು ಪಕ್ಕದವಳನ್ನು ಕೇಳಿದಳು: "ಇವ್ರು ಹೇಳಿದ್ದು ತಿಂದ್ರೆ ಹಿಂಗಾಗ್ತದಾ?" ಆ ಊರಿನಲ್ಲಿ ಬಹಳ ಕಾಲ ಸೊಪ್ಪಿನ ಪ್ರಚಾರ ಹಿಂದೆ ಬಿತ್ತು.

ನಮ್ಮ ಬಿಡಿಓ ಸಾಹೇಬರು ಕೆಟ್ಟವರಲ್ಲ. ಕಾಗದದ ಮೇಲೆ ಇಲ್ಲದ್ದನ್ನು ನಂಬದವರು. ನನ್ನ ಪ್ರವಾಸದ ದಿನಚರಿಯಲ್ಲಿ ಒಂದು ದಿನದ ಮುಂದೆ, ಇದ್ದದ್ದನ್ನು ಇದ್ದ ಹಾಗೆ, "ಕಾಲು ಬರಲಿಲ್ಲವಾದ್ದರಿಂದ ಹೋಗಲಿಲ್ಲ" ಎಂದು ಬರೆದಿದ್ದೆ. ಅದಕ್ಕೆ ಮೆಮೊ ಬಂತು. ಸದರಿ ಕಾಲು ಯಾವ ಕಾರಣದಿಂದ ಬರಲಿಲ್ಲ, ಅದು ಮೊದಲೇ ತಿಳಿದಿತ್ತೇ, ತಿಳಿದಿದ್ದಲ್ಲಿ ರಜೆಯ ಅರ್ಜಿಯನ್ನು ಏಕೆ ಕೊಡಲಿಲ್ಲ ಎಂದು ಅದರಲ್ಲಿ ಪ್ರಶ್ನೆಗಳಿದ್ದವು. ನಾನು ಆರು ಪುಟಗಳ ಉತ್ತರ ಬರೆದೆ. ಅದನ್ನು ಓದಿ ಅವರು ನನ್ನನ್ನು ಕರೆಸಿ, "ನೋಡೀಮ್ಮ, ಈ ಆರು ಪುಟ ಬರೆಯೋ ಶಕ್ತಿ ಇರೋವಾಗ್ಲೇ ಒಳ್ಳೇ ಡಾಕ್ಟರಿಗೆ ತೋರಿಸ್ಕೊಂಡು ಬನ್ನಿ. ರಜಾ ನಾನು ಕೊಡ್ತೀನಿ" ಎಂದರು. ಆ ಮಾತಿಗೆ ನಾನು ಈಗಲೂ ಋಣಿ.

ತಾಳಗುಪ್ಪದ ರೈಲು ಹಿಡಿದು, ಎರಡು ಕಡೆ ಗಾಡಿ ಬದಲಿಸಿ, ದೂರದ ಒಂದು ದೊಡ್ಡ ಆಸ್ಪತ್ರೆ ಸೇರಿದೆ. ಅಲ್ಲಿಯ ನರವೈದ್ಯರು ಸುತ್ತಿಗೆಯಿಂದ ಮಂಡಿ ಬಡಿದು, ಅಂಗಾಲು ಕೆರೆದು, ಕಡೆಗೆ ನನ್ನನ್ನು ಬಿಸಿನೀರಿನ ತೊಟ್ಟಿಯಲ್ಲಿ ಕೂರಿಸಿದರು. ಹತ್ತು ನಿಮಿಷದಲ್ಲಿ ಎಡಗಣ್ಣಿನ ಮುಂದೆ ಮಂಜು ಕವಿಯಿತು, ಕಾಲು ನನ್ನದಲ್ಲವೆನಿಸಿತು. ಮೈ ಆರಿದ ಮೇಲೆ ಎರಡೂ ಮರಳಿ ಬಂದವು. ವೈದ್ಯರು ಬಹಳ ಸಂತೋಷಪಟ್ಟರು. ಮಲ್ಟಿಪಲ್ ಸ್ಕ್ಲಿರೋಸಿಸ್ ಎಂದರು. ವಿದ್ಯುತ್ ತಂತಿಯ ಮೇಲಿನ ರಬ್ಬರು ಅಲ್ಲಲ್ಲಿ ಸವೆದ ಹಾಗೆ ನರಗಳ ಹೊದಿಕೆ ಸವೆಯುವ ಕಾಯಿಲೆ. ಬರುತ್ತದೆ, ಹೋಗುತ್ತದೆ, ಮತ್ತೆ ಬರುತ್ತದೆ. ಮೈ ಕಾದರೆ ಹೆಚ್ಚಾಗಿ ತೋರುತ್ತದೆ. "ಇದು ಚಳಿದೇಶದವರ ಕಾಯಿಲೆ, ನಮ್ಮಲ್ಲಿ ಅಪರೂಪ" ಎಂದೂ ಹೇಳಿದರು. ಔಷಧವೇನು ಎಂದು ಕೇಳಿದೆ. "ದಣಿಯಬೇಡಿ, ಬಿಸಿಲಿಗೆ ಹೋಗಬೇಡಿ, ಬಿಸಿನೀರು ಮುಟ್ಟಬೇಡಿ" ಎಂದರು. ಹಳ್ಳಿ ತಿರುಗುವ ಮುಖ್ಯಸೇವಿಕೆಗೆ ಮೊದಲಿನ ಎರಡು ಅಸಾಧ್ಯ. ಸಾಗರ ಸೀಮೆಯಲ್ಲಿ ಮೂರನೆಯದು ಅದಕ್ಕಿಂತ ಅಸಾಧ್ಯ.

ಅಂದಿನಿಂದ ನನ್ನ ವಾದಕಲೆಯೆಲ್ಲ ಹಂಡೆಯ ಮುಂದೆ ಖರ್ಚಾಯಿತು. ನೆಗಡಿ ಎಂದೆ, ನೆಗಡಿಗೆ ಬಿಸಿನೀರೇ ಮದ್ದು ಎಂದರು. ಬೆಳಿಗ್ಗೆಯೇ ಆಯಿತು ಎಂದೆ. ದಾರಿಯ ಧೂಳು ಬೆಳಿಗ್ಗೆಯದೇನು ಎಂದು ಕೇಳಿದರು. ಒಂದು ಮನೆಯಲ್ಲಿ ಬಚ್ಚಲ ಬಾಗಿಲು ಹಾಕಿಕೊಂಡು, ಚೊಂಬಿನಿಂದ ಬಿಸಿನೀರನ್ನು ನೆಲಕ್ಕೆ ಸುರಿಯುತ್ತ, ಸ್ನಾನದ ಶಬ್ದವನ್ನು ಮಾತ್ರ ಮಾಡಿ ಹೊರಗೆ ಬಂದೆ. ಆ ಮನೆಯಾಕೆ ನನ್ನ ಒದ್ದೆಯಾಗದ ಕಿವಿಯನ್ನು ನೋಡಿ ಏನೂ ಹೇಳಲಿಲ್ಲ. ಮುಂದಿನ ಮಂಗಳವಾರ ಸಂತೆಯಲ್ಲಿ ಎಲ್ಲರಿಗೂ ಹೇಳಿದರು.

ಇಷ್ಟಾಗುವಾಗ ಪುಟ್ಟಮ್ಮನ ಮನೆಗೆ ಸೊಸೆ ಬಂದಿದ್ದಳು. ಹೆಸರು ಗಿರಿಜೆ, ತೀರ್ಥಹಳ್ಳಿಯ ಹುಡುಗಿ. ಅವಳು ಸೀಳಿದ ಬೆಂಡಿನ ಎಸಳನ್ನು ಅಕ್ಷರದ ಮೇಲಿಟ್ಟರೆ ಅಕ್ಷರ ಓದಬಹುದೆಂದು ಹೆಸರಾಗಿತ್ತು. ಆ ಕೈಗಾಗಿಯೇ ಪುಟ್ಟಮ್ಮ ಅವಳನ್ನು ತಂದುಕೊಂಡದ್ದು. ಎರಡನೆಯ ವರ್ಷ ಆ ಕೈ ಕೆಟ್ಟಿತು. ಬೆಳಿಗ್ಗೆ ಕೆಲಸಕ್ಕೆ ಕುಳಿತರೆ ಕಣ್ಣು ಮಂಜು, ಕೈಯಿಂದ ಕತ್ತಿ ಜಾರುತ್ತದೆ, ಎದ್ದರೆ ಕಾಲು ತಡವರಿಸುತ್ತದೆ. ಮಧ್ಯಾಹ್ನದ ಹೊತ್ತಿಗೆ ಎಲ್ಲವೂ ಸರಿ.

"ಬಾಸಿಂಗಕ್ಕೆ ಕೂತ್ರೆ ಕಣ್ಣು ಮಂಜು, ಬಾಳೆ ಎಲೆ ಮುಂದೆ ಕೂತ್ರೆ ಕಣ್ಣು ಚುರುಕು" ಎಂದು ಪುಟ್ಟಮ್ಮ ಊರಿಗೆಲ್ಲ ಹೇಳಿಕೊಂಡು ಬಂದರು. ಮಹಿಳಾ ಮಂಡಲದಲ್ಲಿ ನನಗೂ ಹೇಳಿದರು. ಮದುವೆಯ ಕಾಲ ಹತ್ತಿರ ಬಂದಿತ್ತು. ತೀರ್ಥಹಳ್ಳಿಯಲ್ಲಿರುವ ಗಿರಿಜೆಯ ಅಣ್ಣನಿಗೆ ಹೇಳಿಕಳಿಸಿದ್ದೇನೆ, ಸೋಮವಾರ ಬಂದು ಕರೆದುಕೊಂಡು ಹೋಗುತ್ತಾನೆ ಎಂದರು. ಆ ಕಾಲದಲ್ಲಿ ಹಾಗೆ ತವರಿಗೆ ಹೋದವಳು ಮರಳಿ ಬರುವುದಿಲ್ಲವೆಂದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

"ಬೆಳಿಗ್ಗೆ ಮಾತ್ರ ಹೀಗಾಗುವುದೇಕೆ?" ಎಂದೆ.

"ಬೆಳಿಗ್ಗೆ ತಾನೇ ಕೆಲಸ ಇರೋದು."

"ಕೆಲಸಕ್ಕೆ ಮೊದಲು ಏನು ಮಾಡುತ್ತಾಳೆ?"

"ಮೀತಾಳೆ. ಮೀಯದೆ ನಮ್ಮಲ್ಲಿ ಬೆಂಡು ಮುಟ್ಟುವಂಗಿಲ್ಲ. ಮದುಮಕ್ಕಳ ಹಣೆಗೆ ಏರೋ ಸಾಮಾನು ಅದು." ಪುಟ್ಟಮ್ಮ ನನ್ನ ಮುಖ ಅರಳಲೆಂದು ಇನ್ನೊಂದು ಮಾತು ಸೇರಿಸಿದರು: "ನಿಮ್ಮ ಒಲೆ ಬಂದ ಮೇಲೆ ನೀರಿಗೆ ಎಂತ ಕಮ್ಮಿ? ಕೊತಕೊತ ಕುದೀತದೆ."

ನನ್ನ ಮುಖ ಅರಳಲಿಲ್ಲ. ಬಸ್ಸಿನಲ್ಲಿ ಮರಳುವಾಗ ವರದಿಯ ಆ ಪುಟವನ್ನು ಮನಸ್ಸಿನಲ್ಲೇ ಅಡ್ಡಗೆರೆ ಎಳೆದು ಹೊಡೆದುಹಾಕಿದೆ.

ಸಾಗರದ ವೈದ್ಯರಿಗೆ ವಿಷಯ ತಿಳಿಸಿದೆ. ಅವರು ನನ್ನ ಆಸ್ಪತ್ರೆಯ ಕಾಗದಗಳನ್ನು ಓದಿದ್ದವರು. "ನೋಡದೆ ನಾನೇನೂ ಹೇಳೋದಿಲ್ಲ. ನೀವೂ ಹೇಳಬೇಡಿ. ಮೊದಲು ಅವಳನ್ನ ನನ್ನ ಹತ್ತಿರ ಕರೆತನ್ನಿ" ಎಂದರು. ಕರೆತರಬೇಕಾದರೆ ಅವಳು ಸೋಮವಾರ ದಾಟಿ ಆ ಮನೆಯಲ್ಲಿ ಉಳಿದಿರಬೇಕು. ಆದ್ದರಿಂದ ಸೋಮವಾರ ಬೆಳಿಗ್ಗೆಯೇ, ಕಾಲೇಜಿನ ದಿನಗಳಂತೆ ಟಿಪ್ಪಣಿ ಬರೆದುಕೊಂಡು, ಪುಟ್ಟಮ್ಮನ ಜಗಲಿಯನ್ನು ಹತ್ತಿದೆ.

ಗಿರಿಜೆಯ ಅಣ್ಣ ಸುಬ್ರಾಯ ಆಗಲೇ ಬಂದು ಕುಳಿತಿದ್ದ. ಪಕ್ಕದಲ್ಲಿ ಅವಳ ಗಂಡ ಗಣಪತಿ, ತಲೆ ಎತ್ತದೆ ಗಂಧದ ತುಂಡೊಂದನ್ನು ತಿರುಗಿಸುತ್ತಿದ್ದ. ಬಾಗಿಲ ಸಂದಿನಲ್ಲಿ ಗಿರಿಜೆ ನಿಂತಿದ್ದಳು. ಅವಳ ಟ್ರಂಕು ಜಗಲಿಯ ಮೇಲೆ ಬಂದಿತ್ತು.

ನಾನು ಮುಕ್ಕಾಲು ಗಂಟೆ ಮಾತನಾಡಿದೆ. ಸೋಮಾರಿತನದ ಆರೋಪವನ್ನು ಮೂರು ಅಂಶಗಳಲ್ಲಿ ಖಂಡಿಸಿದೆ. ನರಗಳ ರಚನೆಯನ್ನು ವಿವರಿಸಿದೆ. ನಾನು ವೈದ್ಯೆಯಲ್ಲ, ಆದರೆ ಲಕ್ಷಣಗಳು ನನ್ನವೇ ಎಂದೆ. ಆ ಕಾಯಿಲೆಯ ಗಾಂಭೀರ್ಯವನ್ನು ಎಷ್ಟು ಮನಮುಟ್ಟುವಂತೆ ವರ್ಣಿಸಿದೆನೆಂದರೆ, ಕೊನೆಯಲ್ಲಿ ನನ್ನ ಕಣ್ಣಲ್ಲೇ ನೀರಾಡಿತು. ಅಂಥ ಭಾಷಣವನ್ನು ನಾನು ಮೈಸೂರಿನಲ್ಲೂ ಮಾಡಿರಲಿಲ್ಲ. ಎಲ್ಲರಿಗೂ ಮನವರಿಕೆಯಾಯಿತು.

ಪುಟ್ಟಮ್ಮ ನಿಟ್ಟುಸಿರು ಬಿಟ್ಟರು. "ಇಷ್ಟು ದಿನ ಸೋಮಾರಿ ಅಂದ್ಕೊಂಡಿದ್ದೆ. ಸೋಮಾರಿಯಾದ್ರೆ ಬೈದಾದ್ರೂ ಇಟ್ಕೋಬಹುದಿತ್ತು. ರೋಗಿ ಅಂತ ನೀವೇ ಹೇಳಿದ ಮೇಲೆ ನಾ ಎಂತ ಮಾಡ್ಲಿ?"

ಸುಬ್ರಾಯ ಕಣ್ಣೊರೆಸಿಕೊಂಡು ಟ್ರಂಕಿಗೆ ಕೈ ಹಾಕಿದ. "ಸೇವಿಕಮ್ಮ ಹೇಳಿದ್ದು ಒಳ್ಳೇದಾಯ್ತು. ಇಷ್ಟು ದೊಡ್ಡ ಕಾಯಿಲೆ ಇಟ್ಕೊಂಡು ಇಲ್ಲಿ ಯಾಕೆ ಇರ್ಬೇಕು? ನಡಿ ತಂಗೀ."

ತಂಗಿಯರೇ, ಇದನ್ನು ಚೆನ್ನಾಗಿ ನೆನಪಿಡಿ. ವಾದದಲ್ಲಿ ಗೆದ್ದೆ, ಯಾರಿಗಾಗಿ ವಾದಿಸಿದೆನೋ ಅವಳನ್ನು ಮನೆಯಿಂದ ಹೊರಡಿಸಿದೆ. ಬಾಗಿಲ ಸಂದಿನಿಂದ ಗಿರಿಜೆ ನನ್ನನ್ನು ನೋಡಿದ ನೋಟದಲ್ಲಿ ಸಿಟ್ಟೂ ಇರಲಿಲ್ಲ. ಅದಕ್ಕಿಂತ ಸಿಟ್ಟಿದ್ದರೆ ಚೆನ್ನಾಗಿತ್ತು.

ಆಗ ಪುಟ್ಟಮ್ಮ ತಮ್ಮ ಮನೆಯ ಮರ್ಯಾದೆಯನ್ನು ನೆನಪಿಸಿಕೊಂಡರು. "ಹೊರಡೋರು ಉಂಡೇ ಹೊರಡ್ಲಿ. ಸೇವಿಕಮ್ಮ, ಅಷ್ಟು ಮಾತಾಡಿ ದಣಿದೀರಿ. ನೀವು ಮೊದ್ಲು ಮಿಂದು ಬನ್ನಿ. ಹಂಡೆ ಕಾದಿದೆ."

ಬೇಡವೆನ್ನಲು ಬಾಯಿ ತೆರೆದವಳು ಮುಚ್ಚಿದೆ. "ಆಗಲಿ. ಆದರೆ ನೀವೇ ನೀರು ಹೊಯ್ಯಬೇಕು, ಪುಟ್ಟಮ್ಮ" ಎಂದೆ.

ಅವರಿಗೆ ಅದಕ್ಕಿಂತ ಸಂತೋಷದ ಮಾತಿರಲಿಲ್ಲ. ನಾನು ಜಗಲಿಯಿಂದ ಬಚ್ಚಲಿಗೆ ನೆಟ್ಟಗೆ ನಡೆದೆ. ಎಲ್ಲರೂ ನೋಡಲೆಂದೇ ನಿಧಾನವಾಗಿ ನಡೆದೆ. ಸೀರೆಯನ್ನು ತೆಗೆದಿಟ್ಟು, ಮೈಗೆ ಪಂಚೆ ಸುತ್ತಿ ಮಣೆಯ ಮೇಲೆ ಕುಳಿತೆ. ನನ್ನ ಸುಧಾರಿತ ಒಲೆ ಒಂದಿಷ್ಟೂ ಹೊಗೆಯಿಲ್ಲದೆ ಸೊಗಸಾಗಿ ಉರಿಯುತ್ತಿತ್ತು. ಪುಟ್ಟಮ್ಮ ಸೆರಗು ಕಟ್ಟಿ, "ಬೆನ್ನು ಕೊಡಿ" ಎಂದು ತಂಬಿಗೆ ತಂಬಿಗೆಯಾಗಿ ಹೊಯ್ದರು. ಹತ್ತನೆಯ ತಂಬಿಗೆಯ ಹೊತ್ತಿಗೆ ಎಡಗಣ್ಣು ಹೋಯಿತು. ಇಪ್ಪತ್ತರ ಹೊತ್ತಿಗೆ ಕೈಯಲ್ಲಿದ್ದ ಸೀಗೆಪುಡಿಯ ಬಟ್ಟಲು ಜಾರಿತು. "ಸಾಕು, ಏಳುತ್ತೇನೆ" ಎಂದು ಏಳಹೊರಟೆ, ಏಳಲಾಗಲಿಲ್ಲ.

"ಸೇವಿಕಮ್ಮ, ಎಂತ ಆಯ್ತು?"

"ಕಾಲು ಬರಲಿಲ್ಲ" ಎಂದೆ. ನಾಲಿಗೆಯೂ ತೊದಲಿತು.

ಪುಟ್ಟಮ್ಮನ ಕೈಯಿಂದ ತಂಬಿಗೆ ಬಿತ್ತು. ಆ ಸದ್ದಿಗೆ ಗಿರಿಜೆ ಓಡಿ ಬಂದಳು. ಅವಳು ಗಾಬರಿಯಾಗಲಿಲ್ಲ. ಒಲೆಯ ಕೊಳ್ಳಿಗಳನ್ನು ಹೊರಗೆಳೆದಳು, ಬಾಗಿಲು ತೆರೆದಳು, ತಣ್ಣೀರಿನಲ್ಲಿ ಅದ್ದಿದ ಬಟ್ಟೆಯನ್ನು ನನ್ನ ಕತ್ತಿನ ಹಿಂದೆ ಇಟ್ಟಳು. ಇಬ್ಬರೂ ನನಗೆ ಸೀರೆ ಸುತ್ತಿ ಹಿಂಬದಿಯ ಜಗಲಿಗೆ ಎತ್ತಿ ತಂದು ಮಲಗಿಸಿದರು. ಪುಟ್ಟಮ್ಮ ದೇವರನ್ನು ಕರೆಯತೊಡಗಿದಾಗ ಗಿರಿಜೆ ಮೆಲ್ಲಗೆ ಹೇಳಿದಳು: "ಹೆದರ್ಬೇಡಿ ಅತ್ತೆ. ಗಾಳಿ ಹಾಕ್ತಾ ಇದ್ರೆ ಸರಿಯಾಗ್ತದೆ. ನಂಗೆ ದಿನಾ ಹಿಂಗೇ."

ಆ ಒಂದು ವಾಕ್ಯದ ಮುಂದೆ ನನ್ನ ಮುಕ್ಕಾಲು ಗಂಟೆಯ ಭಾಷಣ ಏನೂ ಅಲ್ಲ. ಪುಟ್ಟಮ್ಮ ಸೊಸೆಯ ಕೈಯ ಬೀಸಣಿಗೆಯನ್ನು ತೆಗೆದುಕೊಂಡು ತಾವೇ ಬೀಸತೊಡಗಿದರು. ಮುಕ್ಕಾಲು ಗಂಟೆಯಲ್ಲಿ ನನ್ನ ಕಣ್ಣು ತಿಳಿಯಾಯಿತು. ನಾನು ಎದ್ದು, ಕಂಬ ಹಿಡಿದು, ಆಮೇಲೆ ಕಂಬ ಬಿಟ್ಟು, ಗಂಡಸರು ಕುಳಿತಿದ್ದ ಮುಂದಿನ ಜಗಲಿಗೆ ಬಂದು, ಅದರ ಈ ತುದಿಯಿಂದ ಆ ತುದಿಗೆ ನಡೆದೆ.

"ಹಂಗಾದ್ರೆ ತಪ್ಪು ಇವಳದ್ದಲ್ಲ, ಒಲೇದು" ಎಂದರು ಪುಟ್ಟಮ್ಮ. ಸ್ವಲ್ಪ ತಡೆದು ನನ್ನ ಕಡೆ ತಿರುಗಿದರು. "ಆ ಒಲೆ ಹಾಕ್ಸಿದ್ದು ಯಾರು?"

"ನಾನೇ" ಎಂದೆ.

ತಲೆ ಎತ್ತದೆ ಕುಳಿತಿದ್ದ ಗಣಪತಿ ಮೊದಲ ಸಲ ನಕ್ಕ. ಸುಬ್ರಾಯ ಟ್ರಂಕಿನಿಂದ ಕೈ ತೆಗೆದ.

ಆದರೂ ವಿಷಯ ಮುಗಿಯಲಿಲ್ಲ. ಗಿರಿಜೆ ಇನ್ನು ತಣ್ಣೀರಿನಲ್ಲಿ ಮಿಂದು ಕೆಲಸಕ್ಕೆ ಕೂರಲಿ ಎಂದು ನಾನು ಹೇಳಿದ ಕೂಡಲೇ ಪುಟ್ಟಮ್ಮನ ಮುಖ ಗಂಟಿಕ್ಕಿತು. "ತಣ್ಣೀರು ಹೊಯ್ಕೊಳ್ಳೋದು ಸಾವಾದ ಮನೇಲಿ. ಮುತ್ತೈದೆ ದಿನಾ ಬೆಳಿಗ್ಗೆ ತಣ್ಣೀರು ಮಿಂದು ಬಾಸಿಂಗ ಕಟ್ಟಿದ್ರೆ, ಅದನ್ನ ಯಾರು ಹಣೆಗೆ ಕಟ್ಕೋತಾರೆ?" ಅದಕ್ಕೆ ಆರೋಗ್ಯಶಾಸ್ತ್ರದಲ್ಲಿ ಉತ್ತರವಿದೆ. ಆದರೆ ಅಂದು ಶಾಸ್ತ್ರ ಹೇಳಿದಷ್ಟೂ ಕಷ್ಟವೇ ಬಂದಿತ್ತು. ಯೋಚಿಸುತ್ತ ಯೋಚಿಸುತ್ತ ಪುಟ್ಟಮ್ಮನ ಕಣ್ಣು ಎದುರಿನ ರಸ್ತೆಯ ಮೇಲೆ ನಿಂತಿತು. ಅದು ವರದಮೂಲದ ರಸ್ತೆ.

"ತೀರ್ಥ ಯಾರೂ ಕಾಯ್ಸಿ ಮೀಯೋದಿಲ್ಲ" ಎಂದರು.

ಅಷ್ಟೇ. ಸೊಸೆಯ ಕಾಯಿಲೆಗೆ ಹರಕೆ ಹೊತ್ತದ್ದಾಯಿತು. ಪ್ರತಿ ಸೋಮವಾರ ವರದಮೂಲದಿಂದ ಒಂದು ತಾಮ್ರದ ಬಿಂದಿಗೆ ತೀರ್ಥ ಬರುವುದು; ದಿನವೂ ಬಾವಿಯ ನೀರಿಗೆ ಅದರಿಂದ ಒಂದು ಸೌಟು ಸೇರಿಸುವುದು; ಸೇರಿದ ಮೇಲೆ ಇಡೀ ನೀರು ತೀರ್ಥವೇ. ಗಿರಿಜೆ ತಣ್ಣೀರು ಮೀಯುವುದಿಲ್ಲ, ತೀರ್ಥಸ್ನಾನ ಮಾಡುತ್ತಾಳೆ. ಮೂಢನಂಬಿಕೆಯ ವಿರುದ್ಧ, ಹರಕೆಗಳ ವಿರುದ್ಧ, ಅದೇ ಜಗಲಿಯ ಮೇಲೆ ನಾನು ಹಿಂದಿನ ವರ್ಷವಷ್ಟೇ ಮಾತನಾಡಿದ್ದೆ. ಪುಟ್ಟಮ್ಮ ಅದನ್ನು ಮರೆತಿರಲಿಲ್ಲ. "ನಿಮ್ದು ಎಂತಾದ್ರೂ ತಕರಾರು ಉಂಟಾ?" ಎಂದು ಕೇಳಿದರು. ಅಧ್ಯಕ್ಷರೇ, ನನ್ನದು ಯಾವ ತಕರಾರೂ ಇರಲಿಲ್ಲ.

ಮುಂದಿನ ವಾರ ಸಾಗರದ ವೈದ್ಯರು ಗಿರಿಜೆಯನ್ನು ನೋಡಿದರು. ಆ ಮೇಲೆ ಗಣಪತಿಯೇ ಅವಳನ್ನು ನಾನು ಹೋಗಿದ್ದ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಬಂದ. ಹೆಸರು ಅದೇ ಆಗಿತ್ತು. ತಣ್ಣೀರು ಕಾಯಿಲೆಯನ್ನು ವಾಸಿಮಾಡಲಿಲ್ಲ, ಮಾಡುವುದೂ ಇಲ್ಲ. ಕೆಲವು ತಿಂಗಳು ಅವಳು ಕೋಲು ಹಿಡಿದಳು, ಕೆಲವು ತಿಂಗಳು ಬಿಟ್ಟಳು. ಆದರೆ ಬೆಳಗಿನ ಹೊತ್ತು ಅವಳಿಗೆ ಮರಳಿ ಸಿಕ್ಕಿತು. ಎಸಳು ಮೊದಲಿನಷ್ಟು ತೆಳ್ಳಗಿರಲಿಲ್ಲ. ಬಾಸಿಂಗ ಹೆಚ್ಚು ಗಟ್ಟಿಯಾಗಿದೆ ಎಂದು ಪುಟ್ಟಮ್ಮ ಗಿರಾಕಿಗಳಿಗೆ ಹೇಳಿದರು.

ಸಾಗರದ ವೈದ್ಯರಿಗೆ ಅನಂತರ ಇದೊಂದು ತಮಾಷೆಯಾಯಿತು. "ನಿಮ್ಮ ಸಂಘಕ್ಕೆ ಇನ್ನೊಬ್ಬ ಸದಸ್ಯರು" ಎಂದು ಚೀಟಿ ಕಳಿಸುವರು. ಹೀಗೆ ಬಂದವರಲ್ಲಿ ಒಬ್ಬರು ತೀರ್ಥಹಳ್ಳಿಯ ಕಡೆಯ ಶಾಲಾ ಮೇಷ್ಟ್ರು. ಒದ್ದೆ ಟವೆಲು ತಲೆಗೆ ಸುತ್ತಿ ಪಾಠ ಮಾಡಿದರೆ ಕಣ್ಣು ನಿಲ್ಲುತ್ತದೆಂದು ಅವರಿಗೆ ಹೇಳಿದೆ. ಮಕ್ಕಳು ಮೇಷ್ಟ್ರು ಸನ್ಯಾಸಿಯಾದರೆಂದು ತಿಳಿದು ಒಂದು ವಾರ ಗಲಾಟೆ ಮಾಡಲಿಲ್ಲವಂತೆ. ಅವರ ಮನೆಗೆ ಹೋದಾಗ ನಾನು ಭಾಷಣ ಮಾಡಲಿಲ್ಲ. ಗಿರಿಜೆಯನ್ನು ಜೊತೆಗೆ ಕರೆದೊಯ್ದೆ. ಅವಳು ಮೇಷ್ಟ್ರ ಹೆಂಡತಿಯ ಹತ್ತಿರ ಕುಳಿತು, "ಬೆಳಿಗ್ಗೆ ಎಷ್ಟು ಹೊತ್ತಿಗೆ ಸುಸ್ತು ಬರ್ತದೆ ಅಕ್ಕಾ ಅವ್ರಿಗೆ?" ಎಂದು ಕೇಳಿದಳು. ಅಂದು ಜಗಲಿಯಲ್ಲಿ ಭಾಷಣದ ಬದಲು ನಾನು ಕೇಳಬೇಕಾಗಿದ್ದ ಪ್ರಶ್ನೆ ಅದು. ಅದನ್ನು ಕಲಿಯಲು ನನಗೆ ಎರಡು ಬೆಳ್ಳಿ ಬಟ್ಟಲು ಮತ್ತು ಒಂದು ಹಂಡೆ ಬಿಸಿನೀರು ಬೇಕಾಯಿತು.

ಆ ದಶಕದ ಕೊನೆಯಲ್ಲಿ ಪುಟ್ಟಮ್ಮ ತೀರಿಕೊಂಡರು. ಸುದ್ದಿ ತಿಳಿದು ಹೋದೆ. ಮಣ್ಣು ಮುಗಿಸಿ ಬಂದವರೆಲ್ಲ ಬಾವಿಕಟ್ಟೆಯಲ್ಲಿ ತಣ್ಣೀರು ಹೊಯ್ದುಕೊಳ್ಳುತ್ತಿದ್ದರು. ಅಂದು ಆ ಮನೆಯ ಬಚ್ಚಲೊಲೆ ಉರಿದಿರಲಿಲ್ಲ. ನನ್ನನ್ನು ಯಾರೂ ಸ್ನಾನಕ್ಕೆ ಒತ್ತಾಯಿಸಲಿಲ್ಲ. ಗಿರಿಜೆ ಒದ್ದೆ ಸೀರೆಯಲ್ಲಿ, ಕೋಲೂರಿಕೊಂಡು ಬಂದು ಮೆಟ್ಟಿಲ ಮೇಲೆ ನನ್ನ ಪಕ್ಕದಲ್ಲಿ ಕುಳಿತಳು. ಪುಟ್ಟಮ್ಮ ತೀರ್ಥ ತುಂಬಿಸಿಡುತ್ತಿದ್ದ ತಾಮ್ರದ ಬಿಂದಿಗೆಯನ್ನು ಯಾರೋ ತೊಳೆದು ಗೋಡೆಯ ಪಕ್ಕ ಬೋರಲು ಹಾಕಿದ್ದರು. ಅವಳು ಅದನ್ನೇ ನೋಡುತ್ತಿದ್ದಳು.

"ಇಷ್ಟು ವರ್ಷ ಮಿಂದೆನಲ್ಲ ಅಕ್ಕಾ" ಎಂದಳು, "ನೀರು ಇಷ್ಟು ತಣ್ಣಗಿದೆ ಅಂತ ಗೊತ್ತಾಗಿದ್ದು ಇವತ್ತೇ."